ಸರ್ಟಿಫಿಕೇಟ್ ಕೊಟ್ಟರೆ ಪೊರಕೆ ಬಿಡುತ್ತದೆಯೇ?

"ಮಲ ಹೊರುವವರಿಗೆ ಸರ್ಕಾರ ಟ್ರೇನಿಂಗ್ ಕೊಟ್ಟಿದೆ, ಸಾಲ ಕೊಟ್ಟಿದೆ. ಇನ್ನೇನು ಬೇಕು?" ಅಂತ ಕೇಳೋರು ನಮ್ಮ ನಿಲ್ಕುಂದದಲ್ಲೂ ಸಿಗ್ತಾರೆ, ಬೆಂಗಳೂರಲ್ಲೂ ಸಿಗ್ತಾರೆ. ಅವರಿಗೆ ಸ್ವಲ್ಪ ಇತಿಹಾಸ ಹೇಳಬೇಕು.

ತಲೆ ಮೇಲೆ ಮಲ ಹೊರಿಸುವುದನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಹೊರಟವರು ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು. ಅದು 1970ರ ದಶಕ. ಸರಿ, ಆ ಕೆಲಸ ನಿಂತರೆ ಹೊಟ್ಟೆಗೇನು? ಈ ಪ್ರಶ್ನೆಗೆ ಕೇಂದ್ರ ಸರ್ಕಾರ 1992ರಲ್ಲಿ ಪುನರ್ವಸತಿ ಯೋಜನೆ ತಂತು. ಸಮೀಕ್ಷೆ, ಬೇರೆ ಕಸುಬಿನ ತರಬೇತಿ, ಸಾಲ, ಸಹಾಯಧನ ಎಲ್ಲಾ ಅದರಲ್ಲಿತ್ತು. ಮರುವರ್ಷವೇ ನಿಷೇಧ ಕಾಯ್ದೆಯೂ ಬಂತು.

ಹತ್ತು ವರ್ಷ ಕಳೆದ ಮೇಲೆ, 2003ರಲ್ಲಿ, ಸಿಎಜಿ ಲೆಕ್ಕ ತೆಗೆದು ನೋಡಿತು. 600 ಕೋಟಿಗೂ ಹೆಚ್ಚು ಖರ್ಚಾಗಿದೆ, ಗುರಿ ಮುಟ್ಟಿಲ್ಲ. ಬಿಡುಗಡೆ ಆದವರು ನಿಜಕ್ಕೂ ಬೇರೆ ಬದುಕು ಕಟ್ಟಿಕೊಂಡರು ಅನ್ನೋದಕ್ಕೆ ಪುರಾವೆ ಇಲ್ಲ. ಕೈಯಲ್ಲಿದ್ದ ಕಾಯ್ದೆಯನ್ನು ಬಳಸದೇ ಇದ್ದದ್ದೇ ದೊಡ್ಡ ಲೋಪ ಅಂತ ವರದಿ ಹೇಳಿತು. ಅಂದರೆ, ಬಳಿಯುವವರಿಗೆ ತರಬೇತಿ ಆಯ್ತು, ಬಳಿಸುವವರಿಗೆ ಶಿಕ್ಷೆ ಆಗಲಿಲ್ಲ.

2010ರ ಜುಲೈನಲ್ಲಿ, ಪಕ್ಕದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಇದ್ದ ಜಾಗದಿಂದ ಒಕ್ಕಲೆಬ್ಬಿಸಲು ಹೊರಟಾಗ ಭಂಗಿ ಸಮುದಾಯದವರು ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡರು. ಕಾಯ್ದೆ ಬಂದು ಆಗಲೇ 17 ವರ್ಷ!

2013ರಲ್ಲಿ ಹೊಸ ಕಾಯ್ದೆ ಬಂತು. 40,000 ರೂಪಾಯಿ ನೆರವು, ತರಬೇತಿಯ ಅವಧಿಯಲ್ಲಿ ತಿಂಗಳಿಗೆ 3,000 ಸ್ಟೈಪೆಂಡ್. ಇದು ಬೇಡ ಅಂತ ನಾನು ಹೇಳ್ತಿಲ್ಲ. ಅದು ನಮ್ಮ ಹಕ್ಕು, ಬಿಡಬಾರದು. ಆದರೆ ಹೊಲಿಗೆ ಕಲಿತ ಹೆಣ್ಣುಮಗಳಿಗೆ ಬಟ್ಟೆ ಹೊಲಿಯಲು ಕೊಡೋರು ಯಾರು? ಅವಳ ಗಂಡ ಚಹಾ ಅಂಗಡಿ ಇಟ್ಟರೆ ಅಲ್ಲಿ ಕೂತು ಕುಡಿಯೋರು ಯಾರು?

ಬಾಬಾಸಾಹೇಬರು 1936ರಲ್ಲೇ ಹೇಳಿದ್ದರು: ಜಾತಿ ಮನುಷ್ಯನಿಗೆ ಕಸುಬು ಬದಲಿಸಲು ಬಿಡುವುದಿಲ್ಲ, ಈ ದೇಶದ ನಿರುದ್ಯೋಗಕ್ಕೆ ಅದೇ ಒಂದು ನೇರ ಕಾರಣ ಅಂತ. ನಮ್ಮ ಜನಕ್ಕೆ ಕೌಶಲ ಇಲ್ಲ ಅನ್ನೋದು ರೋಗವೇ ಅಲ್ಲ. ರೋಗ ಗಿರಾಕಿಯ ಮನಸ್ಸಲ್ಲಿದೆ.

ಹಾಗಾಗಿ ಇನ್ನು ಮೇಲೆ ಯಾರಾದರೂ "ಇಷ್ಟು ಜನಕ್ಕೆ ತರಬೇತಿ ಕೊಟ್ಟೆವು" ಅಂದರೆ ಮೂರು ಪ್ರಶ್ನೆ ಕೇಳಿ. ಮೂರು ವರ್ಷದ ನಂತರ ಎಷ್ಟು ಜನ ಹೊಸ ಕಸುಬಿನಲ್ಲಿದ್ದಾರೆ? ಅವರ ಎಷ್ಟು ಮಕ್ಕಳು ಪೊರಕೆ ಹಿಡಿದಿಲ್ಲ? ಗುಂಡಿಗೆ ಇಳಿಸಿದವರಲ್ಲಿ ಎಷ್ಟು ಜನ ಜೈಲಿಗೆ ಹೋಗಿದ್ದಾರೆ?

ಉತ್ತರ ಬರುವವರೆಗೂ ಕೇಳ್ತಾ ಇರೋಣ.

ಜೈ ಭೀಮ್.