ಬಿಸಿನೀರಿನ ಅಪಸ್ಮಾರ: ಬಚ್ಚಲುಮನೆಯಿಂದ ವರ್ಣತಂತುವಿನವರೆಗೆ

ನರಮಂಡಲದ ವ್ಯಾಧಿಗಳಲ್ಲಿ ರಕ್ತಗತವಾಗಿ ಬಂದ ಒಲವು ಎಷ್ಟು, ಬಾಹ್ಯ ಪರಿಸರದ ಪಾಲು ಎಷ್ಟು ಎಂಬ ಪ್ರಶ್ನೆ ವೈದ್ಯಶಾಸ್ತ್ರದಷ್ಟೇ ಹಳೆಯದಾಗಿದ್ದರೂ, ಅದಕ್ಕೆ ಸ್ಪಷ್ಟವಾದ ನಿದರ್ಶನವೊಂದು ಕನ್ನಡ ನಾಡಿನ ಬಚ್ಚಲುಮನೆಯಲ್ಲಿಯೇ ದೊರೆತಿರುವ ಸಂಗತಿ ನಮ್ಮಲ್ಲಿ ಅನೇಕರಿಗೆ ಪರಿಚಿತವಾಗಿಲ್ಲ. ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗ ಉಂಟಾಗುವ ಮೂರ್ಛೆಯೇ ಆ ನಿದರ್ಶನ. ಅದರ ಸಂಶೋಧನೆಯ ಚರಿತ್ರೆಯನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

ಬೇಲೂರಿನಿಂದ ಸಕಲೇಶಪುರದ ಕಡೆಗೆ ಸಾಗುವ ಮಾರ್ಗದಲ್ಲಿರುವ ಬಿಕ್ಕೋಡಿನ ಸುತ್ತಣ ಕಾಫಿ ಸೀಮೆಯಲ್ಲಾಗಲಿ, ಪೂರ್ವಕ್ಕಿರುವ ಅರಸೀಕೆರೆಯ ಬಯಲಿನಲ್ಲಾಗಲಿ, ಪರಂಪರೆಯಿಂದ ಬಂದ ತಲೆಸ್ನಾನದ ಕ್ರಮ ಒಂದೇ: ಸೌದೆಯ ಒಲೆಯ ಮೇಲಣ ಹಂಡೆಯಲ್ಲಿ ನೀರು ಚೆನ್ನಾಗಿ ಕಾದ ಬಳಿಕ, ಅದಕ್ಕೆ ತುಸು ತಣ್ಣೀರು ಬೆರೆಸಿ, ಮಣೆಯ ಮೇಲೆ ಕುಳಿತವರ ನೆತ್ತಿಗೆ ಚೊಂಬಿನ ಹಿಂದೆ ಚೊಂಬು ಬಿಡುವಿಲ್ಲದೆ ಹೊಯ್ಯುವುದು. ಆ ನೀರಿನ ಶಾಖ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಇರುತ್ತದೆ. ಬಹುಜನರಿಗೆ ಮೈ ಹಗುರಾಗುವ ಈ ಸ್ನಾನದ ನಡುವೆ ಕೆಲವರ ದೃಷ್ಟಿ ನಟ್ಟು ನಿಲ್ಲುತ್ತದೆ, ಕಾರಣವಿಲ್ಲದ ಭೀತಿ ಆವರಿಸುತ್ತದೆ, ಮಾತು ಅಸಂಬದ್ಧವಾಗುತ್ತದೆ, ಕೆಲವೊಮ್ಮೆ ಸರ್ವಾಂಗವೂ ಸೆಟೆದು ಅದುರುತ್ತದೆ. ಒಂದೆರಡು ನಿಮಿಷಗಳಲ್ಲಿ ಎಲ್ಲವೂ ಶಮನವಾಗುವುದರಿಂದ, ಮನೆಯವರು ಇದನ್ನು ತಲೆಸುತ್ತೆಂದೋ ಗಾಳಿಯ ಸೋಂಕೆಂದೋ ಭಾವಿಸುವುದು ಅಸಹಜವೇನಲ್ಲ.

ಅಪಸ್ಮಾರವು, ಅಂದರೆ ಮೂರ್ಛೆರೋಗವು, ಪ್ರಾಚೀನರಿಗೆ ಅಪರಿಚಿತವಾಗಿರಲಿಲ್ಲ. ಚರಕಸಂಹಿತೆಯ ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ಅದಕ್ಕೆ ಪ್ರತ್ಯೇಕ ಅಧ್ಯಾಯಗಳಿವೆ. ಬಿಸಿನೀರಿಗೂ ಮೂರ್ಛೆಗೂ ಇರುವ ಸಂಬಂಧವನ್ನು ಆಧುನಿಕ ವೈದ್ಯಸಾಹಿತ್ಯದಲ್ಲಿ ಮೊದಲು ದಾಖಲಿಸಿದವನು 1945ರಲ್ಲಿ ನ್ಯೂಜಿಲೆಂಡಿನ ವೈದ್ಯ ಅಲೆನ್. ಅಲ್ಲಿ ವಿರಳವಾದ ಕೌತುಕವಾಗಿದ್ದ ಈ ವ್ಯಾಧಿ ದಕ್ಷಿಣ ಭಾರತದಲ್ಲಿ ವಿರಳವಲ್ಲವೆಂಬುದನ್ನು ತೋರಿಸಿಕೊಟ್ಟ ಕೀರ್ತಿ ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿಯವರದು. 1968ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಇದನ್ನು ಪ್ರತಿವರ್ತನಜನ್ಯ ಅಪಸ್ಮಾರದ, ಅಂದರೆ ನಿರ್ದಿಷ್ಟ ಪ್ರಚೋದನೆಯಿಂದ ಕೆರಳುವ ಮೂರ್ಛೆಯ, ಒಂದು ವಿಶಿಷ್ಟ ಪ್ರಭೇದವೆಂದು ವರ್ಣಿಸಿದರು. ಕೆಲವೇ ವರ್ಷಗಳಲ್ಲಿ 108 ರೋಗಿಗಳ ವಿವರಗಳನ್ನು ಪ್ರಕಟಿಸಿದರು. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತು ಅವರ ಸಂಗಡಿಗರು ಈ ಕಾರ್ಯವನ್ನು ಮುಂದುವರಿಸಿ, 1988ರಲ್ಲಿ 279 ರೋಗಿಗಳ ಅಧ್ಯಯನವನ್ನು ಲೋಕದ ಮುಂದಿಟ್ಟರು. ಪುರುಷರಲ್ಲಿ ಇದು ಹೆಚ್ಚೆಂಬುದೂ, ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇದಕ್ಕೆ ತುತ್ತಾಗುವರೆಂಬುದೂ, ಕೆಲವರಿಗೆ ಕಾಲಾಂತರದಲ್ಲಿ ಸ್ನಾನದ ಪ್ರಸಕ್ತಿಯಿಲ್ಲದೆಯೇ ಮೂರ್ಛೆ ಬರತೊಡಗುವುದೆಂಬುದೂ ಇಂತಹ ಅಧ್ಯಯನಗಳಿಂದ ವಿಶದವಾಯಿತು.

ಆದರೆ ರೋಗವನ್ನು ಮುಂಚಿತವಾಗಿ ತಿಳಿಸಬಲ್ಲ ಜೈವಿಕ ಸೂಚಕವೊಂದನ್ನು ಅರಸಿದಾಗ ಎದುರಾದ ಕಷ್ಟ ಸಾಮಾನ್ಯವಾದುದಲ್ಲ. ಮೂರ್ಛೆಯಿಲ್ಲದ ವೇಳೆಯಲ್ಲಿ ತೆಗೆದ ಇ.ಇ.ಜಿ. ಬಹುತೇಕ ರೋಗಿಗಳಲ್ಲಿ ನಿರ್ದೋಷವಾಗಿಯೇ ತೋರುತ್ತದೆ, ಎಂ.ಆರ್.ಐ. ಚಿತ್ರದಲ್ಲಿಯೂ ಸಾಮಾನ್ಯವಾಗಿ ವಿಕಾರ ಕಾಣದು. ಹೀಗಾಗಿ, ನೀರು ಎಷ್ಟು ಬಿಸಿಯಾಗಿತ್ತು, ಎಲ್ಲಿಗೆ ಹೊಯ್ದರು, ಎಷ್ಟನೆಯ ಚೊಂಬಿಗೆ ಪ್ರಜ್ಞೆ ಮಸುಕಾಯಿತು, ಬಾಲ್ಯದಲ್ಲಿ ಜ್ವರದೊಡನೆ ಸೆಳವು ಬಂದಿತ್ತೆ ಎಂದು ಸಹನೆಯಿಂದ ಕೇಳಿ ತಿಳಿಯುವ ವೃತ್ತಾಂತವೇ ಇಂದಿಗೂ ರೋಗನಿರ್ಣಯದ ಮುಖ್ಯ ಆಧಾರವಾಗಿ ಉಳಿದಿದೆ.

ವಂಶದ ಸೂತ್ರವನ್ನು ಹಿಡಿದು ಹೊರಟ ಅನ್ವೇಷಣೆ ಹೆಚ್ಚು ಫಲವನ್ನು ನೀಡಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡವು ನಿಮ್ಹಾನ್ಸಿನ ವೈದ್ಯರೊಡಗೂಡಿ, ತಲೆಮಾರುಗಳುದ್ದಕ್ಕೂ ರೋಗ ಹರಿದುಬಂದ ಕುಟುಂಬಗಳನ್ನು ಪರಿಶೀಲಿಸಿ, 2009ರಲ್ಲಿ 10ನೆಯ ಹಾಗೂ 4ನೆಯ ವರ್ಣತಂತುಗಳಲ್ಲಿ ರೋಗಸಂಬಂಧವುಳ್ಳ ನೆಲೆಗಳನ್ನು ಗುರುತಿಸಿತು. ನರಕೋಶಗಳ ನಡುವಣ ಗ್ಲುಟಮೇಟ್ ಎಂಬ ಉದ್ದೀಪಕ ದ್ರವ್ಯವನ್ನು ಹೀರಿಕೊಳ್ಳುವ ಪ್ರೋಟೀನನ್ನು ನಿರ್ಮಿಸುವ ಎಸ್‌ಎಲ್‌ಸಿ1ಎ1 ಎಂಬ ಜೀನಿನ ವಿರಳ ವ್ಯತ್ಯಾಸಗಳು 2017ರಲ್ಲಿ ವರದಿಯಾದುವು. 2021ರಲ್ಲಿ ಝಡ್‌ಜಿಆರ್‌ಎಫ್1 ಎಂಬ ಮತ್ತೊಂದು ಜೀನಿನ ಸರದಿ ಬಂದಿತು. ಒಂದೇ ಲಕ್ಷಣವುಳ್ಳ ವ್ಯಾಧಿಗೆ ಬೇರೆ ಬೇರೆ ಮನೆತನಗಳಲ್ಲಿ ಬೇರೆ ಬೇರೆ ಜೀನುಗಳು ಕಾರಣವಾಗಬಹುದೆಂಬುದು ಇದರಿಂದ ವ್ಯಕ್ತವಾಗುತ್ತದೆ. ಆದುದರಿಂದ ಒಂದೇ ರಕ್ತಪರೀಕ್ಷೆಯಿಂದ ಎಲ್ಲರ ಭವಿಷ್ಯವನ್ನೂ ನುಡಿಯುವೆನೆಂಬುದು ಸದ್ಯಕ್ಕೆ ಸಾಧುವಲ್ಲ.

ಈ ಚರಿತ್ರೆಯನ್ನು ಸಮಗ್ರವಾಗಿ ಅವಲೋಕಿಸಿದಾಗ ಹೊಳೆಯುವ ತತ್ತ್ವ ಇದು: ಜೀನು ಒಲವನ್ನು ಮಾತ್ರ ಕೊಡುತ್ತದೆ, ಆ ಒಲವು ವ್ಯಾಧಿಯಾಗಿ ಪ್ರಕಟವಾಗಲು ಸಂದರ್ಭ ಒದಗಬೇಕು. ಬಿಸಿನೀರನ್ನು ನೆತ್ತಿಗೆ ಸುರಿದುಕೊಳ್ಳದ ದೇಶದಲ್ಲಿ ಇಂತಹ ಜೀನನ್ನು ಹೊತ್ತವನು ಬಾಳಿನುದ್ದಕ್ಕೂ ನಿರೋಗಿಯಾಗಿಯೇ ಇದ್ದುಬಿಡಬಹುದು. ವಂಶವನ್ನು ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲವಾದರೂ ಹಂಡೆಯ ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳುವುದು ಖಂಡಿತವಾಗಿಯೂ ಇದೆ. ಅದರಿಂದಲೇ ಅನೇಕರ ಮೂರ್ಛೆ ತಪ್ಪುತ್ತದೆ. ಅಷ್ಟರಿಂದ ಸಾಲದವರಿಗೆ ಸ್ನಾನಕ್ಕೆ ಮುಂಚೆ ವೈದ್ಯರ ಸೂಚನೆಯಂತೆ ಸೇವಿಸುವ ಕ್ಲೋಬಜಾಮ್ ಮೊದಲಾದ ಔಷಧಗಳಿವೆ. ಬಚ್ಚಲಿನಲ್ಲಿ ಮೈಮರೆತು ಕುಳಿತ ಮಗುವನ್ನು ಕಂಡ ತಾಯಿತಂದೆಯರು ಮಂತ್ರವಾದಿಯ ಮನೆಯ ಹಾದಿ ಹಿಡಿಯದೆ, ನಾಚಿಕೆಯಿಂದ ಮುಚ್ಚಿಡದೆ, ಸಮೀಪದ ಆಸ್ಪತ್ರೆಗೆ ಹೋಗಿ ನಡೆದುದನ್ನು ನಡೆದಂತೆ ಹೇಳಬೇಕೆಂಬುದೇ ನನ್ನ ಬಿನ್ನಹ.