ಮೂರು ರಾಜ್ಯದ ಸೂಟಿ, ಒಂದೇ ತವರುಮನಿ

ನಮ್ಮ ಅಡಿಗಿಮನಿ ಗ್ವಾಡಿಗಿ ಮೂರು ಕ್ಯಾಲೆಂಡರ್ ಅವ. ಒಂದು ನಮ್ಮ ಬಗದಲ್ ಕಡಿದು, ಒಂದು ಅಕ್ಕನ ಊರು ಉದಗೀರದ್ದು, ಇನ್ನೊಂದು ತಂಗಿ ಊರು ಜಹೀರಾಬಾದದ್ದು. ಬಂದವರೆಲ್ಲಾ ನೋಡಿ ನಗ್ತಾರ. ನಗ್ರಿ ಬಿಡ್ರಿ. ಆದ್ರ ಮೂವರು ಅಕ್ಕತಂಗೇರು ಮಕ್ಕಳು ಮರಿ ಕಟಗೊಂಡು ಔರಾದ ತಾಲ್ಲೂಕಿನ ನಮ್ಮ ತವರುಮನಿಗಿ ಕೂಡಿ ಹೋಗಬೇಕಂದ್ರ ಈ ಮೂರೂ ನೋಡ್ಲೇಬೇಕು. ಒಂದು ಸಾಲಿಗಿ ಸೂಟಿ ಇದ್ದಾಗ ಇನ್ನೊಂದು ಸಾಲಿ ಚಾಲೂ ಇರ್ತದ.

ಮೊದಲು ಹಿಂಗ ಇದ್ದಿಲ್ಲ. ನಮ್ಮ ಮಾವನವರು ನಿಜಾಮರ ಕಾಲದಾಗ ಉರ್ದು ಸಾಲಿ ಕಲ್ತವರು. ಆಗ ವಾರದ ಸೂಟಿ ಶುಕ್ರವಾರ, ಐತವಾರ ಸಾಲಿ. ಸರಕಾರಿ ಲೆಕ್ಕ ಫಸಲಿ ವರ್ಷದ್ದು. ಆಜರ್, ದೈ, ಬಹಮನ್ ಅಂತ ತಿಂಗಳ ಹೆಸರು ಅವರು ಕಡಿತನಾ ಬಾಯಿಪಾಠ ಹೇಳ್ತಿದ್ರು. 1948ರ ಸೆಪ್ಟೆಂಬರ್ 17ಕ್ಕ ನಿಜಾಮರ ಆಳ್ವಿಕಿ ಮುಗೀತು. ಅವತ್ತೂ ಶುಕ್ರವಾರೇ ಇತ್ತು. ಆಮ್ಯಾಲ ಐತವಾರದ ಸೂಟಿ ಬಂತು. ಈಗ ಅದೇ 17ನೇ ತಾರೀಖಿಗೆ ನಮ್ಮ ಮಕ್ಕಳು ಕಲ್ಯಾಣ ಕರ್ನಾಟಕ ಉತ್ಸವ ಅಂತ ಸಾಲಿದಾಗ ಝಂಡಾ ಹಾರಸ್ತಾರ.

ಆ ಕಾಲದಾಗ ಉದಗೀರ, ನಿಲಂಗಾ, ಅಹ್ಮದಪುರ, ಜಹೀರಾಬಾದ್, ನಾರಾಯಣಖೇಡ ಎಲ್ಲಾ ನಮ್ಮ ಬೀದರ ಜಿಲ್ಲಾದಾಗೇ ಇದ್ದವು. 1956ರ ನವೆಂಬರ್ 1ಕ್ಕ ಭಾಷಾದ ಮ್ಯಾಲ ರಾಜ್ಯ ಹಂಚಿದ್ರು. ನಾವು ಮೈಸೂರು ರಾಜ್ಯಕ್ಕ ಬಂದ್ವಿ. ಉದಗೀರ ಮೊದಲು ಮುಂಬಯಿ ರಾಜ್ಯಕ್ಕ, 1960ರಿಂದ ಮಹಾರಾಷ್ಟ್ರಕ್ಕ ಸೇರ್ತು. ಜಹೀರಾಬಾದ್ ಆಂಧ್ರಕ್ಕ ಹೋಗಿ, 2014ರಿಂದ ತೆಲಂಗಾಣ ಆತು. ಜಿಲ್ಲಾ ಮೂರು ಪಾಲಾತು, ಆದ್ರ ಹೆಣ್ಣು ಕೊಡೋದು ತರೋದು ನಿಂತಿಲ್ಲ. ನಮ್ಮಪ್ಪನೂ ಮೂವರು ಹೆಣ್ಣುಮಕ್ಕಳಿಗಿ ಮೂರು ಕಡಿ ಕೊಟ್ಟ.

ಹೋದ ವರ್ಷದ, 2025ರ, ಲೆಕ್ಕ ನೋಡ್ರಿ. ನಮ್ಮ ಕರ್ನಾಟಕದಾಗ ಬ್ಯಾಸಿಗಿ ಸೂಟಿ ಏಪ್ರಿಲ್ 11ರಿಂದ ಮೇ 28ರ ತನಕ. ತೆಲಂಗಾಣದಾಗ ಏಪ್ರಿಲ್ 24ಕ್ಕ ಸುರು, ಜೂನ್ 12ಕ್ಕ ಸಾಲಿ. ಮಹಾರಾಷ್ಟ್ರದಾಗ ಮೇ 2ಕ್ಕ ಸುರು, ಜೂನ್ 16ಕ್ಕ ಸಾಲಿ. ಮೂರೂ ಕೂಡೋದು ಬರೇ ಮೇ 2ರಿಂದ 28, ಅಂದ್ರ 27 ದಿನ. ದಸರಾಕ್ಕ ಹೋಗಾಮಂದ್ರ ನಮಗೂ ತಂಗಿಗೂ ಸೂಟಿ ಇರ್ತದ, ಅಕ್ಕನ ಕಡಿ ದೊಡ್ಡ ಸೂಟಿ ದೀಪಾವಳಿಗಿ.

ಇದು ಬರೇ ಸಾಲಿ ಮಾತು. ಮಕ್ಕಳು ದೊಡ್ಡವರಾದಂಗ ಸೂಟಿ ಮತ್ತ ಒಡೀತದ. ಅಂಗನವಾಡಿ ಸಾಲಿ ಇಲಾಖೆಗೇ ಬರಂಗಿಲ್ಲ, ಅದರ ಲೆಕ್ಕ ಬ್ಯಾರೆ. ಒಂದರಿಂದ ಹತ್ತರ ತನಕ ಒಂದು ಲೆಕ್ಕ, ಪಿಯುಸಿಗಿ ಇನ್ನೊಂದು. ಡಿಗ್ರಿಯಂತೂ ಸೆಮಿಸ್ಟರ್ ಮ್ಯಾಲ ನಡೀತದ. 1980ರಿಂದ ನಮ್ಮ ಕಾಲೇಜುಗಳು ಗುಲ್ಬರ್ಗಾ ವಿಶ್ವವಿದ್ಯಾಲಯದ ಕೈಯಾಗ ಇದ್ದವು, 2023ದಾಗ ಬೀದರಕ್ಕೇ ವಿಶ್ವವಿದ್ಯಾಲಯ ಬಂತು. ಊರ ಬಾಜೂಕ ಬಂತು ಖರೆ, ಪರೀಕ್ಷಾ ತಾರೀಖು ಮಾತ್ರ ಸಾಲಿ ಸೂಟಿ ನೋಡಿ ಬರಂಗಿಲ್ಲ.

2024ದಾಗೂ 2025ದಾಗೂ ಹತ್ತನೇದಕ್ಕೂ ಸೆಕೆಂಡ್ ಪಿಯುಸಿಗೂ ವರ್ಷಕ್ಕ ಮೂರು ಪರೀಕ್ಷಾ ಮಾಡಿದ್ರು. ಹೋದ ವರ್ಷ ಏಪ್ರಿಲ್ 8ಕ್ಕ ಪಿಯುಸಿ ರಿಸಲ್ಟ್ ಬಂತು, ನನ್ನ ಸಣ್ಣ ಮಗಳದು ಒಂದು ವಿಷಯ ಹೋತು. ಏಪ್ರಿಲ್ 24ರಿಂದ ಮೇ 8ರ ತನಕ ಎರಡನೇ ಪರೀಕ್ಷಾ. ಅಕ್ಕ, ತಂಗಿ ತವರಿಗಿ ಹೋಗಿ ಫೋನ್ ಹಚ್ಚಿದ್ರು, ಅವ್ವ ಫೋನಿನಾಗ "ನೀ ಯಾವಾಗ ಬರ್ತಿ" ಅಂದಳು. ನಾ ಇಲ್ಲೇ ಮಗಳಿಗಿ ಚಾ ಮಾಡಿ ಕೊಡ್ಕೋತ ಕೂತಿದ್ದೆ. ನಾ ಹೋಗೋದ್ರಾಗ ಅವರು ತಿರುಗಿ ಹೋಗಿದ್ರು.

ಹೊಟ್ಟಿ ಉರೀತು, ಸುಳ್ಳ್ಯಾಕ ಹೇಳ್ಲಿ. ಆದ್ರ ಆ ಎರಡನೇ ಪರೀಕ್ಷಾಕ್ಕ ನಾ ಬೈಯಂಗಿಲ್ಲ. ನಮ್ಮ ಕಾಲದಾಗ ಬ್ಯಾಸಿಗಿ ಸೂಟಿ ಅಂದ್ರ ಲಗ್ನದ ಸೀಜನ್. ನಪಾಸಾದ ಹುಡುಗಿಗಿ "ಇನ್ನೇನು ಓದ್ತಾಳ" ಅಂತ ಆ ಸೂಟಿದಾಗೇ ಅಕ್ಕಿಕಾಳು ಹಾಕ್ತಿದ್ರು. ನಾ 1988ದಾಗ ಪಾಸಾಗಿದ್ದೆ, ಆದ್ರೂ ಡಿಗ್ರಿ ಫಾರ್ಮ್ ತರೋದಕ್ಕಿಂತ ಮೊದಲೇ ಲಗ್ನ ಆತು. ನನ್ನ ಮಗಳು ಮೇದಾಗ ಪಾಸಾಗಿ ಅದೇ ವರ್ಷ ಡಿಗ್ರಿ ಸೇರಿದಳು. ಒಂದು ಸೂಟಿ ಹೋತು, ಅಕಿದೊಂದು ವರ್ಷ ಉಳೀತು.

ಮೂರೂ ಕ್ಯಾಲೆಂಡರದಾಗ ಕೂಡೋ ಹಬ್ಬ ಅಂದ್ರ ಎಳ್ಳ ಅಮಾಶಿ. ಸಾಲಿ ಇರ್ಲಿ ಬಿಡ್ಲಿ, ಅವತ್ತ ಹುಡುಗ್ರು ಹೊಲದಾಗೇ ಇರ್ತಾವ. ಉದಗೀರದಾಗೂ ಭಜ್ಜಿ, ಅಂಬಲಿ, ನಮ್ಮ ಹೊಲದಾಗೂ ಅದೇ. ಆದ್ರ ತಂತಮ್ಮ ಹೊಲದ ಪೂಜಾ ಬಿಟ್ಟು ಅವತ್ತ ಯಾರು ತವರಿಗಿ ಹೋಗ್ತಾರ?

ಅದಕ್ಕ ಮತ್ತ ಮೇ ತಿಂಗಳೇ ಗತಿ. ಅವ್ವ ಎಂಬತ್ತು ದಾಟ್ಯಾಳ. ಈ ವರ್ಷ ಮೂರೂ ಕ್ಯಾಲೆಂಡರದಾಗ ಮೇ ಎರಡನೇ ವಾರಕ್ಕ ಗೆರಿ ಹೊಡ್ದೀನಿ, ಅಕ್ಕ ತಂಗಿ ಹೂಂ ಅಂದಾರ. ಮಗಳ ಸೆಮಿಸ್ಟರ್ ತಾರೀಖು ಒಂದು ಬರಬೇಕು. ಅದು ಬರೋ ತನಕ ಅವ್ವಗ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ.