ಗೆದ್ದವನ ಆಸ್ಥಾನದಲ್ಲಿ ಸೋತವನ ಕಥೆ

ಶ್ರವಣಬೆಳಗೊಳಕ್ಕೆ ಹೋದವರು ಸಾಮಾನ್ಯವಾಗಿ ದೊಡ್ಡಬೆಟ್ಟ ಹತ್ತಿ, ಗೊಮ್ಮಟನನ್ನು ನೋಡಿ, ಕೆಳಗಿಳಿದು ಎಳನೀರು ಕುಡಿದು ವಾಪಸ್ ಹೊರಡುತ್ತೇವೆ. ನಾನೂ ಎರಡು ಸಲ ಹಾಗೇ ಮಾಡಿದವನು. ಮೂರನೇ ಸಲ ಎದುರಿನ ಚಿಕ್ಕಬೆಟ್ಟಕ್ಕೆ ಹೋದೆ. ಅಲ್ಲೊಂದು ಕಂಬದ ಶಾಸನವಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣನ ಮೊಮ್ಮಗ ಇಂದ್ರ 982ರಲ್ಲಿ ಸಲ್ಲೇಖನ ಮಾಡಿ, ಅಂದರೆ ಅನ್ನ ನೀರು ಬಿಟ್ಟು, ತೀರಿಕೊಂಡ ಅಂತ ಅದು ಹೇಳುತ್ತೆ. ಅದರಲ್ಲಿ ಅವನ ಚೆಂಡಾಟದ ಕೈಚಳಕವನ್ನು ಹೊಗಳಿದ್ದೇ ಹೊಗಳಿದ್ದು. ಇನ್ನೇನು ಹೊಗಳೋದು ಹೇಳಿ? ಆಳೋಕೆ ರಾಜ್ಯವೇ ಉಳಿದಿರಲಿಲ್ಲ. 973ರಲ್ಲೇ ಚಾಲುಕ್ಯ ತೈಲಪ ಅದನ್ನು ಕಿತ್ತುಕೊಂಡಿದ್ದ. ಇಂದ್ರನನ್ನು ಪಟ್ಟಕ್ಕೆ ಕೂರಿಸಲು ಒದ್ದಾಡಿದ ಗಂಗರ ಮಾರಸಿಂಹನೂ ಬಂಕಾಪುರದಲ್ಲಿ ಹೀಗೇ ಸಲ್ಲೇಖನ ಮಾಡಿದ.

ನನಗೆ ರನ್ನ ನೆನಪಾದದ್ದು ಅಲ್ಲಿ. ಮುಧೋಳದ ಬಳೆಗಾರರ ಮನೆಯ ಹುಡುಗ. ಅವನಿಗೆ ಆಸರೆಯಾದ ಚಾವುಂಡರಾಯ ಇದೇ ಮಾರಸಿಂಹನ ಮಂತ್ರಿ. ಅಂದರೆ ಕವಿ ಮೊದಲು ಉಂಡದ್ದು ಸೋತವರ ಕಡೆಯ ಅನ್ನ. ಆಮೇಲೆ ಸೇರಿದ್ದು ಗೆದ್ದ ತೈಲಪನ ಆಸ್ಥಾನ. ಕಂಪನಿ ಕೈಬದಲಾದ ಮೇಲೆ ಹೊಸ ಬ್ಯಾಡ್ಜ್ ಹಾಕ್ಕೊಂಡು ಅದೇ ಕುರ್ಚಿಯಲ್ಲಿ ಕೂತವರಿಗೆ ಇದು ಅರ್ಥವಾದೀತು.

ತೈಲಪನ ಮಗ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ರನ್ನ ಬರೆದದ್ದು ‘ಗದಾಯುದ್ಧ’. ಅದರ ಇನ್ನೊಂದು ಹೆಸರೇ ‘ಸಾಹಸಭೀಮವಿಜಯ’. ಛಲ, ಹೊಟ್ಟೆಕಿಚ್ಚು ಇಡೀ ಕುಲವನ್ನೇ ಮುಗಿಸಿಬಿಡುತ್ತೆ ಎಂಬ ನೀತಿಯೂ ಅದರಲ್ಲುಂಟು. ಆದರೆ ಓದಿ ಮುಗಿಸಿದ ಮೇಲೆ ಮನಸ್ಸಲ್ಲಿ ಉಳಿಯೋದು ಭೀಮನಲ್ಲ. ಸಂಜಯನ ಜೊತೆ ರಣರಂಗದಲ್ಲಿ ಹೆಣಗಳನ್ನು ದಾಟುತ್ತಾ ನಡೆಯುವ ದುರ್ಯೋಧನ. ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರ ಮುಂದೆಯೂ ನಿಂತು ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣ ಕಂಡಾಗಲೂ ನಿಲ್ಲುತ್ತಾನೆ, ಆ ಹುಡುಗನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಸೋತ ರಾಜನಿಗೆ ಇಷ್ಟು ಮರ್ಯಾದೆ ಕೊಡಬೇಕು ಅಂತ ಗೆದ್ದ ರಾಜನೇನೂ ಕೇಳಿರಲಾರ.

ಕವಿ ಇದನ್ನು ಬರೆಯುವಾಗ ಅವನ ಕಣ್ಣ ಮುಂದೆ ಇದ್ದದ್ದು ಬರೀ ಕುರುಕ್ಷೇತ್ರ ಅಂತ ನನಗನ್ನಿಸುವುದಿಲ್ಲ. ಇದು ನನ್ನ ಊಹೆ, ಒಪ್ಪಲೇಬೇಕು ಅಂತಿಲ್ಲ. ಆದರೆ ಚಿಕ್ಕಬೆಟ್ಟದ ಬಂಡೆಯೊಂದರ ಮೇಲೆ ‘ಶ್ರೀ ಕವಿರತ್ನ’ ಅಂತ ಕೆತ್ತಿದೆ. ರನ್ನನೇ ಹಾಕಿದ ರುಜು ಅದು ಅಂತಾರೆ ವಿದ್ವಾಂಸರು. ಇಂದ್ರನ ಕಂಬ ಇರೋದೂ ಅದೇ ಬೆಟ್ಟದಲ್ಲಿ.